ಮಳೆ, ನಾಯಿ, ಮೂರು ಊರಿನ ಪಬ್: ಈಡೇಲ್–ಕಾಸಲ್‌ಟನ್–ಹೋಪ್ ದಾರಿ ನಡೆದವರು ಯಾರಾದ್ರೂ ಇದ್ದೀರಾ?

ನೆನೆದಗುಬ್ಬಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮ್ಯಾಂಚೆಸ್ಟರ್‌ನಲ್ಲಿ. ಮನೆಯಲ್ಲಿ ಬೋಂಡ ಇದ್ದಾನೆ, ಕಾಕರ್ ಸ್ಪ್ಯಾನಿಯಲ್, ಎರಡು ವರ್ಷ. ಮೈಸೂರಿನಿಂದ ಅಕ್ಕ-ಭಾವ ಬಂದಿದ್ದಾರೆ. ಬರುವ ಶನಿವಾರ ಎಲ್ಲರೂ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡಿಗೆ ಹೊರಟಿದ್ದೇವೆ. ಈಡೇಲ್‌ನಲ್ಲಿ ರೈಲು ಇಳಿಯುವುದು, ಗುಡ್ಡ ಹತ್ತಿ ಕಾಸಲ್‌ಟನ್‌ಗೆ ಇಳಿಯುವುದು, ಅಲ್ಲಿಂದ ಹೊಳೆ ಪಕ್ಕ ನಡೆದು ಹೋಪ್‌ನಲ್ಲಿ ವಾಪಸ್ ರೈಲು ಹಿಡಿಯುವುದು. ಮೂರೂ ಊರಲ್ಲಿ ಹಳೇ ಪಬ್‌ಗಳಿವೆ, ಒಂದೊಂದರಲ್ಲೂ ಸ್ವಲ್ಪ ಹೊತ್ತು ಕೂರೋಣ ಅಂತ.

ತೊಂದರೆ ಎರಡು. ಒಂದು, ಇದು ಏಪ್ರಿಲ್. ದಿನವಿಡೀ ಮಳೆ ಅಂತ ಈಗಲೇ ತೋರಿಸುತ್ತಿದೆ. ಎರಡು, ಭಾವ ಸಸ್ಯಾಹಾರಿ, ಕುಡಿಯುವುದೂ ಇಲ್ಲ. "ನಾಯಿ ಕರ್ಕೊಂಡು ಬಾರ್‌ಗೆ ಹೋಗ್ತೀರಾ?" ಅಂತ ನಿನ್ನೆಯಿಂದ ನಗುತ್ತಿದ್ದಾರೆ.

ಹೋಗಬಹುದಾ? ಇಲ್ಲ ಸುಮ್ನೆ ಮನೆಯಲ್ಲಿ ಬಿಸಿಬೇಳೆಭಾತ್ ಮಾಡಿಕೊಂಡು ಕೂರೋದೇ ವಾಸಿನಾ?

ಶೆಫೀಲ್ಡ್_ಸುಬ್ಬಿ

ಧಾರಾಳವಾಗಿ ಹೋಗಿ. ಆದರೆ ದಾರಿ ತಿರುಗಿಸಿ. ಹೋಪ್‌ನಿಂದ ಶುರು ಮಾಡಿ ಈಡೇಲ್‌ನಲ್ಲಿ ಮುಗಿಸಿ.

ಕಾರಣ ಹೇಳುತ್ತೇನೆ. ಹೋಪ್ ಸ್ಟೇಷನ್ ಇರುವುದು ಊರಲ್ಲಿ ಅಲ್ಲ. ಊರಿಂದ ಹದಿನೈದು-ಇಪ್ಪತ್ತು ನಿಮಿಷ ರಸ್ತೆ ಬದಿ ನಡೆಯಬೇಕು. ಬೆಳಿಗ್ಗೆ ಹೊಸ ಕಾಲಲ್ಲಿ ಅದು ಏನೂ ಅಲ್ಲ. ಸಂಜೆ ಪೂರ್ತಿ ನೆಂದು, ನಾಯಿ ಎಳೆಯುತ್ತಾ, ಪಕ್ಕದಲ್ಲಿ ಕಾರು ನೀರು ಎರಚುತ್ತಾ ಹೋಗುವಾಗ ಅದೇ ದೂರ ಪ್ರಾಣ ತಿನ್ನುತ್ತದೆ. ಈಡೇಲ್‌ನಲ್ಲಿ ಹಾಗಲ್ಲ. ರ್‍ಯಾಂಬ್ಲರ್ ಇನ್ ಅನ್ನುವ ಪಬ್ ಸ್ಟೇಷನ್ ಪಕ್ಕದಲ್ಲೇ ಇದೆ. ರೈಲು ಹೆಚ್ಚು ಕಡಿಮೆ ಗಂಟೆಗೊಂದು. ಒಂದು ತಪ್ಪಿದರೆ ಇನ್ನೊಂದು ಬರುವವರೆಗೆ ಒಳಗೆ ಕೂರಬಹುದು. ಮಳೆಯ ದಿನ ಕೊನೆಯ ಪಬ್ಬಿಗೂ ರೈಲಿಗೂ ನಡುವೆ ದೂರ ಇರಬಾರದು. ನಾನು ಈ ಕಡೆ ಯಾವ ದಾರಿ ಹಾಕಿದರೂ ಮೊದಲು ನೋಡುವುದು ಇದನ್ನೇ.

ಹೋಪ್‌ನಲ್ಲಿ ಓಲ್ಡ್ ಹಾಲ್, ವುಡ್ರೋಫ್ ಆರ್ಮ್ಸ್ ಎರಡೂ ದಾರಿಯಲ್ಲೇ ಸಿಗುತ್ತವೆ. ಹಳ್ಳಿ ಪಬ್‌ಗಳು ಬೆಳಿಗ್ಗೆಯೇ ತೆರೆಯುತ್ತವೆ ಅಂತ ನಂಬಬೇಡಿ, ಮಧ್ಯಾಹ್ನ 12 ಮಾಮೂಲು. ಬೇಗ ಹೋದರೆ ಕಾಫಿ ಕುಡಿದು ಮುಂದೆ ಹೋಗಿ. ಅಲ್ಲಿಂದ ಕಾಸಲ್‌ಟನ್‌ಗೆ ಪೀಕ್ಸ್‌ಹೋಲ್ ವಾಟರ್ ಅನ್ನುವ ಹೊಳೆಯ ಪಕ್ಕ ಮೂರು ಕಿಲೋಮೀಟರ್ ಚಿಲ್ಲರೆ, ಪೂರ್ತಿ ಸಮತಟ್ಟು. ನಡುವೆ ಸಿಮೆಂಟ್ ಕಾರ್ಖಾನೆಯ ಸರಕು ರೈಲಿನ ಹಳಿ ದಾಟಬೇಕು. ಬೋಂಡ ಅಲ್ಲಿ ಲೀಶ್‌ನಲ್ಲೇ ಇರಲಿ. ಇಷ್ಟು ಚಂದದ ಕಣಿವೆಯಲ್ಲಿ ಆ ಚಿಮಣಿ ಯಾಕೆ ಅಂತ ಅಕ್ಕ ಕೇಳಿಯೇ ಕೇಳುತ್ತಾರೆ. ಸುಣ್ಣಕಲ್ಲು ಮತ್ತು ಜೇಡಿಯ ಪದರಗಲ್ಲು ಅಕ್ಕಪಕ್ಕ ಸಿಗುವ ಜಾಗ ಅದು. ಸಿಮೆಂಟಿಗೆ ಬೇಕಾದ್ದು ಅವೆರಡೇ.

ಕಾಸಲ್‌ಟನ್‌ನಲ್ಲಿ ಊಟ. ಅಲ್ಲಿಂದ ಹಾಲೊಫರ್ಡ್ ರೋಡ್ ಹಿಡಿದು ಗುಡ್ಡದ ಸಾಲಿನ ತಗ್ಗಾದ ಹಾಲಿನ್ಸ್ ಕ್ರಾಸ್ ಏರಿ, ಆ ಕಡೆ ಈಡೇಲ್‌ಗೆ ಇಳಿಯುವುದು. ಸುಮಾರು ಐದು ಕಿಲೋಮೀಟರ್. ಇಲ್ಲಿ ಗಾಳಿ ಜಾಸ್ತಿ ನೈಋತ್ಯ ಕಡೆಯಿಂದ ಬೀಸುತ್ತದೆ. ನೀವು ಉತ್ತರಕ್ಕೆ ದಾಟುವುದರಿಂದ ಮಳೆ ಮುಖಕ್ಕೆ ಹೊಡೆಯುವುದು ಕಡಿಮೆ.

ಪಕ್ಕದ ಮ್ಯಾಮ್ ಟಾರ್ ಗುಡ್ಡಕ್ಕೆ ಹೋಗಲೇಬೇಕು ಅಂತ ಹಟ ಬೇಡ. 517 ಮೀಟರ್ ಎತ್ತರ, ಬಿಸಿಲಿದ್ದರೆ ನೋಟ ಬಹಳ ಚೆನ್ನಾಗಿದೆ. ಮೋಡ ಕೂತರೆ ನಿಮ್ಮ ನಾಯಿಯೇ ನಿಮಗೆ ಕಾಣಲ್ಲ.

ಸೋಮಾರಿ_ಚಾರಣಿಗ

ಸುಬ್ಬಿ ಅವರೇ, ಊಟ ಆದ ಮೇಲೆ ಏರು ಹತ್ತಿಸುತ್ತೀರಲ್ಲ! ಅದೂ ಮಳೆಯಲ್ಲಿ. ಮೊದಲು ಗುಡ್ಡ ಮುಗಿಸಿ, ಆಮೇಲೆ ಊಟ, ಆಮೇಲೆ ಸಮತಟ್ಟು ದಾರಿ. ನೆನೆದಗುಬ್ಬಿ ಹೇಳಿದ ದಿಕ್ಕೇ ಸರಿ. ಹಾಲಿನ್ಸ್ ಕ್ರಾಸ್‌ನ ದಾರಿ ಮಳೆ ಬಂದರೆ ಗದ್ದೆ ಬದುವಿನ ಹಾಗೆ ಜಾರುತ್ತದೆ. ಎರಡು ಪಬ್ ಮುಗಿಸಿದವರು ಅಲ್ಲಿ ನಡೆಯಬಾರದು.

ಶೆಫೀಲ್ಡ್_ಸುಬ್ಬಿ

ಎರಡು ಪಬ್ ಅಂದ ಮಾತ್ರಕ್ಕೆ ಎರಡು ಪೈಂಟ್ ಅಂತಲ್ಲವಲ್ಲ ಸ್ವಾಮಿ. ಪೈಂಟ್ ಅಂದರೆ 568 ಮಿಲಿಲೀಟರ್. ಹಾಫ್ ಕೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಮಧ್ಯಾಹ್ನ ಹಾಫ್, ಕೊನೆಯಲ್ಲಿ ಬೇಕಾದರೆ ಪೈಂಟ್. ಜಾರುವ ಮಾತು ನಿಜ. ಆದರೆ ಅದು ಇಳಿಯುವಾಗ ಜಾಸ್ತಿ, ಮತ್ತು ಯಾವ ಕಡೆಯಿಂದ ಹೋದರೂ ಒಂದು ಸಲ ಇಳಿಯಲೇಬೇಕು.

ನಾಯಿಡಾಕ್ಟ್ರು

ದಿಕ್ಕಿನ ಜಗಳ ನೀವೇ ಬಗೆಹರಿಸಿಕೊಳ್ಳಿ. ನಾನು ಬೋಂಡನ ಪರ ಮಾತಾಡುತ್ತೇನೆ. ಇಲ್ಲೇ ಪಶುವೈದ್ಯೆ ನಾನು.

ಎಂಟು-ಹತ್ತು ಕಿಲೋಮೀಟರ್ ಎರಡು ವರ್ಷದ ಸ್ಪ್ಯಾನಿಯಲ್‌ಗೆ ಲೆಕ್ಕವೇ ಅಲ್ಲ. ಅವನನ್ನು ಸುಸ್ತು ಮಾಡುವುದು ದೂರ ಅಲ್ಲ. ನೆನೆದು, ನಿಂತು, ಮತ್ತೆ ನೆನೆಯುವುದು. ನಡೆಯುತ್ತಿರುವಾಗ ಮೈ ಬಿಸಿ ಇರುತ್ತದೆ. ಪಬ್‌ನಲ್ಲಿ ಮುಕ್ಕಾಲು ಗಂಟೆ ತಣ್ಣನೆಯ ಕಲ್ಲು ನೆಲದ ಮೇಲೆ ಒದ್ದೆ ಹೊಟ್ಟೆ ಇಟ್ಟು ಮಲಗಿದರೆ ನಡುಕ ಶುರುವಾಗುತ್ತದೆ. ಅದಕ್ಕೇ ಎರಡು ಟವೆಲ್ ಬೇಕು. ಒಂದು ಒರೆಸಲು, ಇನ್ನೊಂದು ಹಾಸಲು. ಹಾಸುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣಗಿದ್ದು ಒಣಗಿದ ಹಾಗೇ ಇಡಿ. ಮಳೆಕೋಟು ಹಾಕಿದ್ದರೆ ಒಳಗೆ ಹೋದ ತಕ್ಷಣ ಬಿಚ್ಚಿ, ಕೆಳಗೆ ಬೆವೆತಿರುತ್ತದೆ.

ಒರೆಸುವುದಕ್ಕೂ ಒಂದು ಕ್ರಮ ಇದೆ. ಬಾಗಿಲಲ್ಲೇ ನಿಲ್ಲಿಸಿ ಮೊದಲು ಬೆನ್ನು ಒತ್ತಿ ಒರೆಸಿದರೆ ಅವನು ಒಳಗೆ ಹೋಗಿ ಮೈ ಕೊಡವುವುದು ತಪ್ಪುತ್ತದೆ. ಆಮೇಲೆ ಹೊಟ್ಟೆ, ಕಂಕುಳು. ಕೊನೆಗೆ ಪಾದ. ಬೆರಳ ಸಂದಿನಲ್ಲಿ ಕೂದಲಿಗೆ ಜೇಡಿ ಮೆತ್ತಿ ಉಂಡೆ ಕಟ್ಟಿರುತ್ತದೆ. ಅದನ್ನು ಬೆರಳಿಂದ ಬಿಡಿಸಿ. ಬಿಟ್ಟರೆ ಒಣಗಿ ಗಟ್ಟಿಯಾಗಿ, ಅವನು ಕುಂಟಲು ಶುರು ಮಾಡುತ್ತಾನೆ. ಸ್ಪ್ಯಾನಿಯಲ್ ಕಿವಿಯಂತೂ ಮರೆಯಬೇಡಿ. ಜೋಲು ಕಿವಿ ಒಳಗೆ ಒದ್ದೆ ಉಳಿದರೆ ಸೋಂಕು ಸುಲಭವಾಗಿ ಬರುತ್ತದೆ.

ಪಬ್‌ನಲ್ಲಿ ಅಪಾಯ ಇರುವುದು ತಟ್ಟೆಯಲ್ಲಿ. ಪಕ್ಕದ ಮೇಜಿನವರು ಪ್ರೀತಿಯಿಂದ ಗ್ರೇವಿ ಕೊಡುತ್ತಾರೆ, ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಮೂಳೆಯೂ ಬೇಡ. ಬಾರ್ ಮೇಲೆ ಡಬ್ಬಿಯಲ್ಲಿ ಇಟ್ಟಿರುವ ನಾಯಿ ಬಿಸ್ಕತ್ತು ಒಂದೆರಡು ಪರವಾಗಿಲ್ಲ. ಹೊಟ್ಟೆ ತುಂಬ ಉಣಿಸಿ ತಕ್ಷಣ ಗುಡ್ಡ ಓಡಿಸಬೇಡಿ. ಅವನ ದೊಡ್ಡ ಊಟ ಮನೆಗೆ ಬಂದ ಮೇಲೆ.

ಇನ್ನೊಂದು. ಮಲೆನಾಡಿನ ಜಿಗಣೆ ಇಲ್ಲಿಲ್ಲ ಅಂತ ಖುಷಿ ಪಡಬೇಡಿ. ಏಪ್ರಿಲ್‌ನಿಂದ ಉಣ್ಣಿ ಜೋರು. ಅದು ಕಚ್ಚಿದರೆ ಹರಡುವ ಲೈಮ್ ಕಾಯಿಲೆ ಮನುಷ್ಯರಿಗೂ ಬರುತ್ತದೆ. ರಾತ್ರಿ ಅವನ ಮೈಯನ್ನೂ ನಿಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳಿ.

ಸಪ್ಪೆಸಾರು

ಭಾವನವರ ಪಕ್ಷದಿಂದ ನಾನು. ಸಸ್ಯಾಹಾರಿ, ಕುಡಿಯಲ್ಲ, ಆದರೂ ಹಳ್ಳಿ ಪಬ್ ಅಂದ್ರೆ ಜೀವ. ಅವರಿಗೆ ಹೇಳಿ, ಇದು ನಮ್ಮೂರ ಪರದೆ ಎಳೆದ ಕತ್ತಲ ಬಾರ್ ಅಲ್ಲ. ಮಕ್ಕಳು ಬಣ್ಣ ಹಚ್ಚುತ್ತಾ ಕೂತಿರುತ್ತಾರೆ, ಅಜ್ಜಿಯರು ಚಹಾ ಕುಡಿಯುತ್ತಿರುತ್ತಾರೆ. ಲೈಮ್ ಸೋಡಾ, ಶುಂಠಿ ಬಿಯರ್, ಆಲ್ಕೋಹಾಲ್ ಇಲ್ಲದ ಬಿಯರ್, ಬಿಸಿ ಚಾಕೊಲೇಟ್, ಏನು ಬೇಕಾದರೂ ಕೇಳಬಹುದು. ಯಾರೂ ಮುಖ ನೋಡಲ್ಲ.

ಆದರೆ ಊಟದಲ್ಲಿ ಹುಷಾರು. ಮೆನುವಿನಲ್ಲಿ ಸಸ್ಯಾಹಾರದ 'V' ಗುರುತು ಇರುವುದನ್ನೇ ತಗೊಳ್ಳಿ, ಅಂದಾಜಿನ ಮೇಲೆ ಹೋಗಬೇಡಿ. ಉತ್ತರ ಇಂಗ್ಲೆಂಡಿನ ಕೆಲವು ಕಡೆ ಚಿಪ್ಸನ್ನು ಈಗಲೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬರೀ ಆಲೂಗಡ್ಡೆ ತಾನೇ ಅಂತ ತಿಂದುಬಿಡುತ್ತೀವಿ. ಯಾವುದರಲ್ಲಿ ಕರಿದಿದ್ದು ಅಂತ ಕೇಳಿ, ಬೇಜಾರಿಲ್ಲದೆ ಹೇಳುತ್ತಾರೆ. ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿನದ್ದು. ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ. ಆ ಕಡೆ ಮೇಜಿನ ಮೇಲೆ ಕಿತ್ತಳೆ ಲೇಬಲ್‌ನ ಹೆಂಡರ್ಸನ್ಸ್ ರೆಲಿಶ್ ಕಂಡರೆ ಧೈರ್ಯವಾಗಿ ಸುರಿದುಕೊಳ್ಳಿ. ಅದು ಶೆಫೀಲ್ಡ್‌ನದ್ದು, ಮೀನಿಲ್ಲ. ಚೀಸ್ ಹಾಕಿದ ಚಿಪ್ಸ್ ಮೇಲೆ ನಾಲ್ಕು ಹನಿ ಬಿದ್ದರೆ ಉಪ್ಪಿನಕಾಯಿ ನೆನಪೂ ಬರಲ್ಲ.

ಅಂದ ಹಾಗೆ, ಬಿಯರ್ ಕುಡಿಯುವ ಸಸ್ಯಾಹಾರಿಗಳಿಗೂ ಒಂದು ಮಾತು. ಕೈಪಂಪಿನಿಂದ ಎಳೆಯುವ ಹಳೇ ಶೈಲಿಯ ಏಲ್ ತಿಳಿಯಾಗಲಿ ಅಂತ ಐಸಿಂಗ್ಲಾಸ್ ಹಾಕುವ ಪದ್ಧತಿ ಇದೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಹಾಕದೆ ಬಿಟ್ಟ ಮಬ್ಬು ಬಿಯರೂ ಸಿಗುತ್ತದೆ. ಕೇಳಿ ತಗೊಳ್ಳಿ.

ಎಲ್ಲಕ್ಕಿಂತ ದೊಡ್ಡ ವಿಷಯ ಅಡುಗೆಮನೆಯ ಗಡಿಯಾರ. ಪಬ್ ದಿನವಿಡೀ ತೆರೆದಿದ್ದರೂ ಊಟ ದಿನವಿಡೀ ಸಿಗಲ್ಲ. ಎರಡು-ಎರಡೂವರೆಗೆ ಒಲೆ ಆರಿಸಿ ಸಂಜೆ ಮತ್ತೆ ಹಚ್ಚುವ ಕಡೆ ಬಹಳ ಇವೆ. ಮಳೆಯಲ್ಲಿ ಹತ್ತು ನಿಮಿಷ ತಡವಾಗಿ ತಲುಪಿ, ಒಂದು ಕಡೆ ಬರೀ ಉಪ್ಪು-ವಿನೆಗರ್ ಕ್ರಿಸ್ಪ್ಸ್ ತಿಂದು ಹೊರಟಿದ್ದೇವೆ ನಾವು. ಆ ಪಬ್ಬಿನ ಹೆಸರು ಬೇಡ. ತಪ್ಪು ಅವರದ್ದೇನೂ ಅಲ್ಲ, ಬಾಗಿಲ ಮೇಲೆ ಸಮಯ ಬರೆದಿತ್ತು.

ತುಂತುರು

ಬೆಂಗಳೂರಿನಿಂದ ಓದುತ್ತಿದ್ದೇನೆ. ಒಂದು ಪೆದ್ದು ಪ್ರಶ್ನೆ. ಈ ದಾರಿಗಳು ಯಾರದ್ದೋ ಹೊಲದ ಮಧ್ಯೆ ಹೋಗುತ್ತವೆ ಅಂತ ಕೇಳಿದ್ದೇನೆ. ನಾಯಿ ಬೇರೆ ಇರುತ್ತದೆ. ಯಜಮಾನ ಬಂದು ಬೈಯಲ್ವಾ?

ಗದ್ದೆಬದು

ಪೆದ್ದು ಪ್ರಶ್ನೆ ಅಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿಗೆ ಬಂದ ಹೊಸದರಲ್ಲಿ ಗೇಟು ತೆರೆದು ಒಳಗೆ ಕಾಲಿಡಲು ಹೆದರುತ್ತಿದ್ದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಹಾದಿಗಳಿವೆ. ನೆಲ ರೈತನದ್ದು, ಅದರ ಮೇಲೆ ನಡೆಯುವ ಹಕ್ಕು ಎಲ್ಲರದ್ದು. ಆರ್ಡ್ನೆನ್ಸ್ ಸರ್ವೆ ಅನ್ನುವ ಸರ್ಕಾರಿ ನಕ್ಷೆ ಸಂಸ್ಥೆಯ 1:25,000 ನಕ್ಷೆಯಲ್ಲಿ ಹಸಿರು ಚುಕ್ಕಿಗೆರೆ ಹಾಕಿರುತ್ತಾರೆ. ಈ ಕಣಿವೆಗೆ ಒಎಲ್1 ಹಾಳೆ. ದಾರಿಯಲ್ಲಿ ಹಳದಿ ಬಾಣ ಅಂದರೆ ನಡೆಯುವವರಿಗೆ, ನೀಲಿ ಅಂದರೆ ಕುದುರೆ, ಸೈಕಲ್ ಕೂಡ ಬರಬಹುದು. ನಕ್ಷೆ ಕಾಗದದ್ದೇ ಇರಲಿ. ಮಳೆಹನಿ ಬಿದ್ದ ಫೋನ್ ಬೆರಳ ಮಾತು ಕೇಳಲ್ಲ.

ಆದರೆ ಬಯಲು ಗುಡ್ಡದ ಮೇಲೆ ಬೇಕಾದ ಕಡೆ ತಿರುಗುವ ಹಕ್ಕು ಸುಲಭಕ್ಕೆ ಬಂದಿದ್ದಲ್ಲ. ಈಡೇಲ್ ಹಿಂದಿರುವ ಕಿಂಡರ್ ಸ್ಕೌಟ್ ಒಂದು ಕಾಲದಲ್ಲಿ ದೊಡ್ಡವರು ಹಕ್ಕಿ ಬೇಟೆ ಆಡುವ ಜಾಗ. ಜನ ಕಾಲಿಟ್ಟರೆ ಕಾವಲುಗಾರರು ದೊಣ್ಣೆ ಹಿಡಿದು ಬರುತ್ತಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಅನ್ನುವ ಇಪ್ಪತ್ತರ ಹುಡುಗನ ಮುಂದಾಳತ್ವದಲ್ಲಿ ನೂರಾರು ಜನ ಹೇಫೀಲ್ಡ್ ಕಡೆಯಿಂದ ಬೇಕೆಂದೇ ಹತ್ತಿದರು. ಐದು ಜನ ಜೈಲಿಗೆ ಹೋದರು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಬಯಲಿನಲ್ಲಿ ತಿರುಗುವ ಹಕ್ಕಿನ ಕಾನೂನು ಬಂದಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಅಂದು ನಡೆದ ಬಹುತೇಕರು ಇರಲಿಲ್ಲ.

ಈಗ ನಾಯಿ ವಿಷಯ. ಅದೇ ಕಾನೂನಿನಲ್ಲಿ, ಅಂಥ ಬಯಲು ಜಾಗದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ ಎರಡು ಮೀಟರ್ ಒಳಗಿನ ಲೀಶ್‌ನಲ್ಲಿರಬೇಕು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗಾಗಿ. ದನ-ಕುರಿ ಹತ್ತಿರ ಇದ್ದರೆ ವರ್ಷವಿಡೀ ಹಾಗೇ. ಏಪ್ರಿಲ್ ಅಂದರೆ ಕುರಿಮರಿ ಹುಟ್ಟುವ ಕಾಲ. ಬೋಂಡ ಆಟಕ್ಕೆ ಅಟ್ಟಿಸಿಕೊಂಡು ಹೋದರೂ ಗಬ್ಬದ ಕುರಿ ಮರಿ ಕಳೆದುಕೊಳ್ಳಬಹುದು. ಕುರಿ ಅಟ್ಟುವ ನಾಯಿಗೆ ರೈತ ಗುಂಡು ಹೊಡೆದರೆ 1971ರ ಕಾನೂನಿನಲ್ಲಿ ಅವನಿಗೆ ರಕ್ಷಣೆ ಇದೆ. ಇಲ್ಲಿ ಬೈಗುಳಕ್ಕಿಂತ ಅದಕ್ಕೆ ಹೆದರಿ.

ಹಸುಗಳ ಬಗ್ಗೆ ನಮ್ಮವರಿಗೆ ಜಾಸ್ತಿ ಹೇಳಬೇಕು. ಕೊಟ್ಟಿಗೆಯಲ್ಲಿ ಹಣೆ ಸವರಿ ಬೆಳೆದವರು ನಾವು, ಹಸು ಕಂಡರೆ ನೇರ ಹತ್ತಿರ ಹೋಗುತ್ತೀವಿ. ಕರು ಜೊತೆಗಿರುವ ಹಸುವಿಗೆ ನಾಯಿ ಅಂದರೆ ತೋಳ. ಗುಂಪಾಗಿ ಬಂದು ತುಳಿಯುತ್ತವೆ, ಜನ ಸತ್ತಿದ್ದಾರೆ. ದೂರದಿಂದ ಸುತ್ತಿ ಹೋಗಿ. ಅಟ್ಟಿಸಿಕೊಂಡು ಬಂದರೆ ಲೀಶ್ ಕೈಬಿಡಿ. ನಾಯಿ ಓಡಿ ಪಾರಾಗುತ್ತದೆ. ಹಿಡಿದುಕೊಂಡರೆ ತುಳಿತ ನಿಮಗೆ.

ಹಳೇಕೊಡೆ

ಎಂಬತ್ತರ ದಶಕದಲ್ಲಿ ಬಂದವನು ನಾನು. ಮೂರು ಗಂಟೆಗೆ ನೆನೆದು ಬಂದರೆ ಪಬ್ ಬಾಗಿಲೇ ಮುಚ್ಚಿರುತ್ತಿತ್ತು. ಮಧ್ಯಾಹ್ನ ಮುಚ್ಚಲೇಬೇಕು ಅನ್ನುವ ನಿಯಮ 1988ರಲ್ಲಿ ಹೋಯಿತು. ಭಾನುವಾರಕ್ಕಂತೂ 1995ರವರೆಗೆ ಇತ್ತು. ಚರ್ಚಿನ ಮುಖಮಂಟಪದಲ್ಲಿ ನಿಂತು ಸ್ಯಾಂಡ್‌ವಿಚ್ ತಿಂದವರಿಗೆ ಗೊತ್ತು ಅದರ ಕಷ್ಟ.

ಹೊಸಬರಿಗೆ ಒಂದೆರಡು ಮಾತು. ಮೇಜಿನ ಹತ್ತಿರ ಯಾರೂ ಬರಲ್ಲ, ಬಾರ್‌ಗೆ ನೀವೇ ಹೋಗಿ ಹೇಳಬೇಕು. ಅಲ್ಲಿ ಸಾಲು ಕಾಣಲ್ಲ, ಆದರೆ ಯಾರು ಮೊದಲು ಬಂದರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕೈ ಬೀಸಬೇಡಿ, ದುಡ್ಡು ಆಡಿಸಬೇಡಿ. ಮೇಜಿನ ನಂಬರ್ ನೋಡಿಕೊಂಡು ಹೋಗಿ. ಇಲ್ಲದಿದ್ದರೆ ಮತ್ತೆ ವಾಪಸ್ ಕಳಿಸುತ್ತಾರೆ. ಏಲ್ ತಣ್ಣಗಿಲ್ಲ ಅಂತ ವಾದ ಬೇಡ. 11-13 ಡಿಗ್ರಿ, ನೆಲಮಾಳಿಗೆಯ ತಂಪು, ಅದು ಇರುವುದೇ ಹಾಗೆ.

ಬೂಟು ಕೆಸರಾಗಿದ್ದರೆ ಬಾಗಿಲಲ್ಲಿ ಒಮ್ಮೆ ಕೇಳಿ. ಕಲ್ಲು ಹಾಸಿನ ಕಡೆ ಹೋಗಿ ಅಂತಾರೆ. ಕಾರ್ಪೆಟ್ ಹಾಕಿದ ಊಟದ ಕೋಣೆಗೆ ನಾಯಿ ಬಿಡದ ಪಬ್‌ಗಳಿವೆ. ನಾಯಿ ಇದ್ದವರು ಬಾರ್ ಕೋಣೆಯಲ್ಲೇ ಊಟ ಮಾಡಬೇಕು. ನಿಜ ಹೇಳಬೇಕಂದ್ರೆ ಬೆಂಕಿ ಗೂಡು ಇರುವುದೂ ಅಲ್ಲೇ. ನಾಯಿ ಮೇಜಿನ ಕೆಳಗೆ, ಓಡಾಡುವ ದಾರಿಗೆ ಅಡ್ಡ ಬರದ ಹಾಗೆ. ಬೆಂಚಿನ ಮೇಲೆ ಕೂರಿಸಬೇಡಿ, ನಿಮ್ಮ ನಂತರ ಇನ್ನೊಬ್ಬರು ಅಲ್ಲಿ ಕೂರಬೇಕು.

ನೇರನುಡಿ

ಎಲ್ಲ ಓದಿದೆ. ಕುಡಿಯಲು ನೆಪ ಬೇಕು, ಅದಕ್ಕೆ ನಾಯಿ. ಮಳೆಯಲ್ಲಿ ಮೂಕ ಪ್ರಾಣಿಯನ್ನು ಎಳೆದುಕೊಂಡು ಹೋಗಿ ಗಲಾಟೆಯ ಜಾಗದಲ್ಲಿ ಮೇಜಿನ ಕೆಳಗೆ ಮಲಗಿಸುವುದು ಯಾವ ಪ್ರೀತಿ? ಅದಕ್ಕೆ ಬೇಕಿರುವುದು ಬೆಚ್ಚಗಿನ ಮನೆ.

ನಾಯಿಡಾಕ್ಟ್ರು

ಅರ್ಧ ಒಪ್ಪುತ್ತೇನೆ. ಕೆಲವು ನಾಯಿಗಳಿಗೆ ಪಬ್ ಹಿಂಸೆಯೇ. ಬಾಲ ಒಳಗೆ, ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು ಕಂಡರೆ ಎದ್ದು ಹೊರಡಿ, ಗ್ಲಾಸು ತುಂಬಿದ್ದರೂ ಸರಿ. ಆದರೆ ಸ್ಪ್ಯಾನಿಯಲ್ ನೀರುಹಕ್ಕಿ, ಪೊದೆಹಕ್ಕಿ ಎಬ್ಬಿಸಲು ಬೆಳೆಸಿದ ತಳಿ. ಒದ್ದೆ ಹುಲ್ಲಿನ ವಾಸನೆಯೇ ಅದಕ್ಕೆ ಹಬ್ಬ. ಮನೆಯಲ್ಲಿ ಕೂಡಿಟ್ಟರೆ ನಿಮ್ಮ ಸೋಫಾ ಉಳಿಯಲ್ಲ.

ಸಪ್ಪೆಸಾರು

ನೆಪ ಅಂದಿರಲ್ಲ, ನಾನು ಕುಡಿಯುವುದು ಲೈಮ್ ಸೋಡಾ. ಅದಕ್ಕೆ ಯಾವ ನೆಪ ಬೇಕು ಹೇಳಿ. ಪಬ್ ಇಲ್ಲದಿದ್ದರೆ ಈ ದೇಶದಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಡೆಯಲು ಹೋಗುತ್ತಲೇ ಇರಲಿಲ್ಲ ನಾನು.

ತುಂತುರು

ಹಾಗಾದರೆ ನಮ್ಮ ಮುಧೋಳ ನಾಯಿಗೆ ಇದೆಲ್ಲ ಆಗುತ್ತಾ? ಮುಂದಿನ ವರ್ಷ ಲೀಡ್ಸ್‌ಗೆ ಬರುವ ಯೋಚನೆ ಇದೆ. ಅವಳನ್ನು ಬಿಟ್ಟು ಬರಲ್ಲ.

ನಾಯಿಡಾಕ್ಟ್ರು

ಆಗುತ್ತದೆ, ಆದರೆ ಕೆಲಸ ಈಗಲೇ ಶುರು ಮಾಡಿ. ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತ ಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುಂಚೆ ಲಾಡಿಹುಳದ ಔಷಧಿ. ವಿಮಾನದಲ್ಲಿ ನಿಮ್ಮ ಕಾಲ ಬಳಿ ಬಿಡಲ್ಲ, ಕಾರ್ಗೋದಲ್ಲೇ ಬರಬೇಕು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಸರ್ಕಾರದ ಪುಟ ನೋಡಿ.

ಮುಧೋಳಕ್ಕೆ ತೆಳು ಚರ್ಮ, ಗಿಡ್ಡ ಕೂದಲು, ಕೊಬ್ಬೇ ಇಲ್ಲ. ಇಲ್ಲಿನ ವಿಪ್ಪೆಟ್, ಗ್ರೇಹೌಂಡ್ ಇದ್ದ ಹಾಗೆ ಅವಳಿಗೂ ಚಳಿಗೆ ಕೋಟು ಬೇಕೇ ಬೇಕು. ಕಣ್ಣಿಂದ ನೋಡಿ ಬೇಟೆಯಾಡುವ ತಳಿ, ಮೊಲ ಕಂಡರೆ ನಿಮ್ಮ ಕೂಗು ಕೇಳಲ್ಲ. ಕುರಿ ಇರುವ ಕಡೆ ಬಿಡುವ ಮಾತೇ ಬೇಡ.

ನೆನೆದಗುಬ್ಬಿ

ಎಲ್ಲರಿಗೂ ಥ್ಯಾಂಕ್ಸ್. ಸುಬ್ಬಿ ಅವರ ದಿಕ್ಕೇ ಗಟ್ಟಿ ಮಾಡಿದ್ದೇವೆ, ಸೋಮಾರಿ ಅವರು ಕ್ಷಮಿಸಬೇಕು. ಕಾಸಲ್‌ಟನ್‌ನಲ್ಲಿ ಒಂದು ಗಂಟೆಗೆ ಊಟಕ್ಕೆ ಕೂರಬೇಕು ಅಂತ ಲೆಕ್ಕ. ಭಾವ ಈಗ "ಕೊಬ್ಬಲ್ಲಿ ಕರಿದಿದ್ದಾ?" ಅಂತ ಇಂಗ್ಲಿಷ್‌ನಲ್ಲಿ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಉಳಿದದ್ದು ಎರಡೇ ಪ್ರಶ್ನೆ. ರೈಲಿನಲ್ಲಿ ಬೋಂಡನಿಗೆ ಟಿಕೆಟ್ ಬೇಕಾ? ಪಬ್‌ಗೆ ಮೊದಲೇ ಫೋನ್ ಮಾಡಬೇಕಾ?

ಶೆಫೀಲ್ಡ್_ಸುಬ್ಬಿ

ಟಿಕೆಟ್ ಬೇಡ. ಒಬ್ಬರಿಗೆ ಎರಡು ನಾಯಿವರೆಗೆ ಉಚಿತ, ಸೀಟಿನ ಮೇಲೆ ಮಾತ್ರ ಕೂರಿಸಬಾರದು. ಕೊರಳಪಟ್ಟಿಯಲ್ಲಿ ನಿಮ್ಮ ಹೆಸರು, ವಿಳಾಸದ ಬಿಲ್ಲೆ ಇರಲಿ, ಚಿಪ್ ಇದ್ದರೂ ಅದು ಕಾನೂನು.

ಫೋನ್ ಮಾಡಿಯೇ ಮಾಡಿ, ಇವತ್ತೇ. ಮಳೆ ಬಂದರೆ ಗುಡ್ಡದ ಮೇಲಿರುವ ಎಲ್ಲರೂ ಒಂದೇ ಸಲ ಕಾಸಲ್‌ಟನ್‌ಗೆ ಇಳಿಯುತ್ತಾರೆ. ನಾಲ್ಕು ಜನ, ಒಂದು ನಾಯಿ, ನಾಯಿ ಒದ್ದೆ ಇರುತ್ತದೆ ಅಂತ ಮೂರನ್ನೂ ಹೇಳಿ. ಊಟ ಎಷ್ಟು ಗಂಟೆವರೆಗೆ ಅಂತಲೂ ಕೇಳಿ. ಈಡೇಲ್‌ಗೆ ಬೆಳಕಿದ್ದಾಗಲೇ ಇಳಿದರೆ, ರ್‍ಯಾಂಬ್ಲರ್‌ನಲ್ಲಿ ಕೂರುವ ಮುಂಚೆ ಹತ್ತು ನಿಮಿಷ ಊರೊಳಗೆ ನಡೆದು ಓಲ್ಡ್ ನ್ಯಾಗ್ಸ್ ಹೆಡ್ ನೋಡಿ ಬನ್ನಿ. 268 ಮೈಲಿಯ ಪೆನೈನ್ ವೇ ಅನ್ನುವ ಕಾಲುದಾರಿ ಶುರುವಾಗುವುದು ಆ ಪಬ್ಬಿನ ಎದುರಿಂದ. ಹೊಸ ಬೂಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಯಾರಾದರೂ ಇದ್ದೇ ಇರುತ್ತಾರೆ.

ಸೋಮಾರಿ_ಚಾರಣಿಗ

ಕ್ಷಮಿಸಿದ್ದೇನೆ. ನಾನೂ ಅದೇ ಶನಿವಾರ ಆ ಕಡೆಯೇ ಇದ್ದೇನೆ, ಈಡೇಲ್‌ನಿಂದ ಶುರು ಮಾಡಿ. ಹಾಲಿನ್ಸ್ ಕ್ರಾಸ್‌ನಲ್ಲಿ ಕೆಂಪು ಕೊಡೆ ಹಿಡಿದವನು ಕಂಡರೆ ಮಾತಾಡಿಸಿ. ಗಾಳಿಗೆ ಕೊಡೆ ಉಳಿದಿದ್ದರೆ.